ಗೂಡಿನ ಊರಲ್ಲಿ ನಮಗೊಂದು ಎಳೆ

ಜಂಗಮಕೋಟೆ, ಶಿಡ್ಲಘಟ್ಟ, ಚಿಂತಾಮಣಿಯ ರೇಷ್ಮೆ ದೇಶದ ಮಗ್ಗಗಳಿಗೆಲ್ಲ ಹೋಗುತ್ತದೆ. ಅದರಲ್ಲಿ ಒಂದು ಹಿಡಿ ಮನೆಯಲ್ಲೇ ಉಳಿದರೆ? ಗೆರೆ, ಬಣ್ಣ, ಸೂಜಿ ಮೂರನ್ನೂ ಕಲಿಸಬಲ್ಲ ಹವ್ಯಾಸವೊಂದು ಈ ಊರುಗಳ ಹಿತ್ತಲಿನಲ್ಲೇ ಇದೆ.

ವಿಜಯಪುರ ದಾಟಿ ಶಿಡ್ಲಘಟ್ಟದ ಕಡೆ ಹೊರಟರೆ ಜಂಗಮಕೋಟೆಯ ಸುತ್ತ ಹಿಪ್ಪುನೇರಳೆ ತೋಟಗಳು ಕಣ್ಣಿಗೆ ಬೀಳುತ್ತವೆ. ಇಲ್ಲಿ ಇಬ್ಬರು ಎದುರಾದರೆ ಮಾತು ಹುಳುವಿನಿಂದಲೇ ಶುರು. ಮೂರನೇ ಜ್ವರ (ಪೊರೆ ಬಿಡುವ ಹೊತ್ತು) ಎದ್ದಿತೇ, ಹುಳು ಹಣ್ಣಾಯಿತೇ, ಗೂಡಿನ ರೇಟು ಎಷ್ಟಕ್ಕೆ ನಿಂತಿತು? ಶಿಡ್ಲಘಟ್ಟದ ಗೂಡು ಮಾರುಕಟ್ಟೆಗೆ ರಾಮನಗರದ ಮಾರುಕಟ್ಟೆಯ ಜೊತೆಯಲ್ಲೇ ಹೆಸರು. ಇಲ್ಲಿ ಬಿಚ್ಚಿದ ನೂಲು ಹುರಿಯಾಗಿ, ಸೀರೆಯಾಗಿ ಎಲ್ಲೆಲ್ಲೋ ಮದುವೆ ಮನೆ ಸೇರುತ್ತದೆ.

ಈ ಕೆಲಸದ ಹಿಂದಿರುವುದು ಜೀವನೋಪಾಯ, ಸಾಲದ ಕಂತು, ಮಕ್ಕಳ ಫೀಸು. ಅದರ ಭಾರ ಹೊತ್ತ ಕೈಗಳಿಗೆ ನನ್ನ ಗೌರವವಿದೆ. ಆದರೆ ಇಷ್ಟು ಚೆಂದದ ವಸ್ತುವನ್ನು ದಿನಾ ಮುಟ್ಟುವವರು ಅದನ್ನು ಒಮ್ಮೆಯಾದರೂ ಬರೀ ಖುಷಿಗಾಗಿ ಮುಟ್ಟಬೇಕು ಎಂಬ ಆಸೆಯೂ ಇದೆ. ಚಿತ್ರ ಬಿಡಿಸಬೇಕು, ಬಣ್ಣ ಹಚ್ಚಬೇಕು, ಕಸೂತಿ ಕಲಿಯಬೇಕು ಎಂದುಕೊಂಡವರು ಮೊದಲು ಬೆಂಗಳೂರಿನ ಅಂಗಡಿಯ ದುಬಾರಿ ಸಾಮಾನನ್ನು ನೆನೆದು ಹಿಂಜರಿಯುತ್ತಾರೆ. ಈ ಸೀಮೆಯವರು ಹಾಗೆ ಹಿಂಜರಿಯಬೇಕಾಗಿಲ್ಲ.

ಹುಳು ಎಳೆಯುವ ಗೆರೆ

ರೇಷ್ಮೆ ಹುಳು ಸುಮಾರು 25 ದಿನ ಸೊಪ್ಪು ತಿಂದು, ನಾಲ್ಕು ಜ್ವರ ಕಳೆದು, ಹಣ್ಣಾಗಿ, ಗೂಡು ಕಟ್ಟುವ ತಟ್ಟಿಯಾದ ಚಂದ್ರಿಕೆ ಹತ್ತುತ್ತದೆ. ಆಮೇಲೆ ಎರಡು ಮೂರು ದಿನ ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತ ತನ್ನ ಸುತ್ತ ಎಳೆ ಸುತ್ತಿಕೊಳ್ಳುತ್ತದೆ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಈ ಎಳೆ ಸುಮಾರು 1,000 ಮೀಟರ್ ಉದ್ದ ಬರುತ್ತದೆ.

ಚಿತ್ರಕಲೆಯ ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಗುರು ಬೇಡ. ಪೆನ್ಸಿಲ್ ಕಾಗದದಿಂದ ಎತ್ತದೆ ಒಂದೇ ಗೆರೆಯಲ್ಲಿ ವಸ್ತುವಿನ ಅಂಚು ಹಿಡಿಯುವುದು ಕಲಾಶಾಲೆಗಳ ಹಳೆಯ ಅಭ್ಯಾಸ. ಹಿಪ್ಪುನೇರಳೆಯ ಒಂದು ಎಲೆ ಎದುರಿಗಿಟ್ಟುಕೊಳ್ಳಿ. ಒಂದೇ ಗಿಡದಲ್ಲಿ ಒಂದೆಲೆ ಹೃದಯದಾಕಾರ, ಇನ್ನೊಂದು ಸೀಳು ಸೀಳು. ಅಂಚಿನ ಹಲ್ಲು, ನರ, ತೊಟ್ಟಿನ ಬಾಗು ಎಲ್ಲವೂ ಒಂದೇ ಗೆರೆಯಲ್ಲಿ ಬರಲಿ. ಚಿತ್ರ ಓರೆಯಾದರೂ ಸರಿ, ಕಣ್ಣು ಎಲೆಯನ್ನು ಬಿಡಬಾರದು.

ಎಲೆಯಾದ ಮೇಲೆ ಚಂದ್ರಿಕೆ. ಬಿದಿರು ತಟ್ಟಿಯ ಮೇಲೆ ಸುತ್ತು ಸುತ್ತಾಗಿ ನಿಲ್ಲಿಸಿದ ಪಟ್ಟಿ, ಅದರ ಸಂದಿ ಸಂದಿಯಲ್ಲಿ ಗೂಡು. ನೆರಳಿನ ಆಳ, ಆವರ್ತನ, ಬೆಳಕು ಬೀಳುವ ಕಡೆ ಎಲ್ಲವನ್ನೂ ಒಂದೇ ವಸ್ತು ಕಲಿಸುತ್ತದೆ. ಪ್ಲಾಸ್ಟಿಕ್ ಚಂದ್ರಿಕೆಗಳು ಬಂದು ಬಿದಿರಿನವು ಮೂಲೆ ಸೇರುತ್ತಿರುವ ಈ ಹೊತ್ತಿನಲ್ಲಿ, ಅವುಗಳನ್ನು ಬಿಡಿಸಿಟ್ಟ ಹವ್ಯಾಸಿಯ ಪುಸ್ತಕ ನಾಳೆ ಊರಿನ ದಾಖಲೆಯೂ ಆಗುತ್ತದೆ.

ತೂತುಗೂಡಿಗೆ ಇನ್ನೊಂದು ಬಾಳು

ಬಿತ್ತನೆ ಕೋಠಿಯಲ್ಲಿ ಮೊಟ್ಟೆಗಾಗಿ ಚಿಟ್ಟೆ ಹೊರಬರಲು ಬಿಡುತ್ತಾರೆ. ಚಿಟ್ಟೆ ಗೂಡಿನ ತುದಿಯನ್ನು ತನ್ನ ರಸದಿಂದ ಮೆದುಮಾಡಿ ತಳ್ಳಿಕೊಂಡು ಬರುವುದರಿಂದ ಆ ಗೂಡಿನ ಎಳೆ ಒಂದೇ ಉದ್ದಕ್ಕೆ ಬಿಚ್ಚುವುದಿಲ್ಲ. ನೂಲು ಬಿಚ್ಚುವ ರೀಲರುಗಳಿಗೆ ಬೇಡವಾದ ಈ ತೂತುಗೂಡು ಕೈಗೆಲಸಕ್ಕೆ ಹೇಳಿಮಾಡಿಸಿದ್ದು. ಒಳಗೆ ಹುಳುವಿಲ್ಲ, ವಾಸನೆ ಕಡಿಮೆ, ಬೆಲೆಯೂ ಕಡಿಮೆ.

ಚೂಪಾದ ಕತ್ತರಿಯಿಂದ ಗೂಡನ್ನು ಉದ್ದಕ್ಕೆ ಸೀಳಿದರೆ ಎಸಳು, ಅಡ್ಡಕ್ಕೆ ಕತ್ತರಿಸಿದರೆ ಬಟ್ಟಲು. ಗೋಡೆಯನ್ನು ಉಗುರಿನಿಂದ ಬಿಡಿಸಿದರೆ ಪದರ ಪದರವಾಗಿ ಏಳುತ್ತದೆ. ಒಳಪದರದ ತೆಳು ಎಸಳಿನಲ್ಲಿ ಬೆಳಕು ಹಾಯುತ್ತದೆ. ರೇಷ್ಮೆ ಇಲಾಖೆಯ ಸಮಾರಂಭಗಳಲ್ಲಿ ಅತಿಥಿಗಳ ಕೊರಳಿಗೆ ಬೀಳುವ ಗೂಡಿನ ಹಾರವನ್ನು ಎಲ್ಲರೂ ನೋಡಿದ್ದೇವೆ. ಅದು ಈ ಕಲೆಯ ಮೊದಲ ಮೆಟ್ಟಿಲು ಮಾತ್ರ.

ಗೂಡಿನ ರೇಷ್ಮೆಯ ತೂಕದಲ್ಲಿ ಸುಮಾರು ಕಾಲುಭಾಗ ಸೆರಿಸಿನ್ ಎಂಬ ಅಂಟು. ನೂಲು ಬಿಚ್ಚಿದ ಮೇಲೆ ಉಳಿಯುವ ಸಿಲ್ಕ್ ವೇಸ್ಟನ್ನು ತೆಳುವಾಗಿ ಹರಡಿ, ನೀರು ಚಿಮುಕಿಸಿ, ಮೇಲೊಂದು ಬಟ್ಟೆ ಹಾಕಿ ಬಿಸಿ ಇಸ್ತ್ರಿ ಒತ್ತಿದರೆ ಆ ಅಂಟೇ ಎಳೆಗಳನ್ನು ಹಿಡಿದು ಕಾಗದ ಮಾಡುತ್ತದೆ. ಬೇರೆ ಗೋಂದು ಬೇಡ. ಹೀಗೆ ತಯಾರಾದ ರೇಷ್ಮೆ ಕಾಗದದ ಮೇಲೆ ಬಣ್ಣ ಹಚ್ಚಬಹುದು, ಹೊಲಿಗೆ ಹಾಕಬಹುದು, ದೀಪದ ಗೂಡು ಕಟ್ಟಬಹುದು.

ಚೆಂಡುಹೂವಿನ ಹಳದಿ, ಬೆಲ್ಲದ ಕಪ್ಪು

ಬಣ್ಣಕ್ಕೆ ಬರೋಣ. ಮಿಶ್ರತಳಿ ಗೂಡಿನ ಹಳದಿ ನೋಡಿ ಅದೇ ಉಳಿಯುತ್ತದೆ ಎಂದು ನಂಬಬೇಡಿ. ಆ ಬಣ್ಣ ಹೆಚ್ಚಿನಂಶ ಅಂಟಿನಲ್ಲಿರುತ್ತದೆ, ಸಾಬೂನು ನೀರಿನಲ್ಲಿ ಮುಕ್ಕಾಲು ಗಂಟೆ ಕುದಿಸಿ ಅಂಟು ತೆಗೆದಾಗ ಅದೂ ಹೋಗುತ್ತದೆ. ಉಳಿಯುವ ಬಿಳಿ, ಹೊಳೆಯುವ, ಮೆದು ನಾರಿಗೆ ನಮ್ಮ ಬಣ್ಣ ಕೊಡಬೇಕು.

ಈ ಊರುಗಳಿರುವ ಚಿಕ್ಕಬಳ್ಳಾಪುರ ಹೂವಿನ ಜಿಲ್ಲೆಯೂ ಹೌದು. ರೇಟು ಬಿದ್ದ ದಿನ ಚೆಂಡುಹೂ ರಸ್ತೆ ಬದಿಗೆ ಸುರಿಯುವುದನ್ನು ನೋಡಿ ಹೊಟ್ಟೆ ಉರಿಯದವರಿಲ್ಲ. ಅದೇ ಹೂವು ರೇಷ್ಮೆಗೆ ಗಟ್ಟಿ ಹಳದಿ ಕೊಡುತ್ತದೆ. 100 ಗ್ರಾಂ ನೂಲಿಗೆ 10ರಿಂದ 15 ಗ್ರಾಂ ಸ್ಫಟಿಕ ಕರಗಿಸಿದ ಬೆಚ್ಚನೆ ನೀರಲ್ಲಿ ನೆನೆಸಿ, ಆಮೇಲೆ ಹೂವಿನ ಕಷಾಯದಲ್ಲಿ ಮೆಲ್ಲಗೆ ಕಾಯಿಸಿ. ಈರುಳ್ಳಿ ಸಿಪ್ಪೆ ತಾಮ್ರದ ಬಣ್ಣ ಕೊಡುತ್ತದೆ. ದಾಳಿಂಬೆ ಸಿಪ್ಪೆಯ ಮಂಕು ಹಳದಿಗೆ ಕಬ್ಬಿಣದ ನೀರು ಬಿದ್ದರೆ ಕಪ್ಪಿಗೆ ತಿರುಗುತ್ತದೆ. ಅರಿಶಿನ ಮೊದಲು ಮಿಂಚುತ್ತದೆ, ಬಿಸಿಲಿಗೆ ಬೇಗ ಮಾಸುತ್ತದೆ. ಯಾವುದನ್ನಾದರೂ ನೆರಳಲ್ಲೇ ಒಣಗಿಸಿ.

ಕಬ್ಬಿಣದ ಈ ಕಪ್ಪಿನ ಗುಟ್ಟು ಚೆನ್ನಾಗಿ ಬಲ್ಲವರು ಶ್ರೀಕಾಳಹಸ್ತಿಯ ಕಲಂಕಾರಿ ಕಲಾವಿದರು. ತುಕ್ಕು ಹಿಡಿದ ಕಬ್ಬಿಣ, ಬೆಲ್ಲ, ನೀರು ಸೇರಿಸಿ ವಾರಗಟ್ಟಲೆ ಹುಳಿಯಲು ಬಿಡುತ್ತಾರೆ. ಅಳಲೆಕಾಯಿ ಮತ್ತು ಹಾಲಿನಲ್ಲಿ ನೆನೆಸಿದ ಬಟ್ಟೆಗೆ ಆ ನೀರು ತಾಗಿದರೆ ಕಪ್ಪು ಗೆರೆ ಮೂಡುತ್ತದೆ. ಅವರ ಲೇಖನಿ ನೂಲು ಅಥವಾ ಉಣ್ಣೆ ಸುತ್ತಿದ ಬಿದಿರು ಕಡ್ಡಿ. ಸಾಗರ, ಸೊರಬ ಕಡೆಯ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುವುದು ಪುಂಡಿ ನಾರಿನ ಕುಂಚದಿಂದ, ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳಲ್ಲಿ. ನಾರಿನ ಕೆಲಸ ಬೇರೆ, ಚಿತ್ರ ಬೇರೆ ಎಂದು ಈ ಕಲಾವಿದೆಯರು ಎಂದೂ ಬಗೆಯಲಿಲ್ಲ.

ರೇಷ್ಮೆ ಬಟ್ಟೆಯ ಮೇಲೆ ನೇರವಾಗಿ ಚಿತ್ರ ಬರೆಯುವುದು ಚೀನಾ, ಜಪಾನಿನ ಪ್ರಾಚೀನ ಪದ್ಧತಿ. ಮನೆಯಲ್ಲಿ ಮಾಡುವವರು ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿಯಾಗಿ ಎಳೆದು, ಕರಗಿದ ಮೇಣದಿಂದ ಆಕಾರದ ಅಂಚು ಬರೆದು, ಒಳಗೆ ಬಣ್ಣ ಬಿಡಬಹುದು. ಮೇಣದ ಗೆರೆ ಬಣ್ಣವನ್ನು ತಡೆದು ನಿಲ್ಲಿಸುತ್ತದೆ. ಹಸಿ ಬಣ್ಣದ ಮೇಲೆ ಒಂದೆರಡು ಹರಳು ಕಲ್ಲುಪ್ಪು ಉದುರಿಸಿದರೆ ಅದು ನೀರನ್ನು ಎಳೆದುಕೊಂಡು ಸುತ್ತ ನಕ್ಷತ್ರ ಮೂಡಿಸುತ್ತದೆ.

ಸೂಜಿ ಹಿಡಿದ ಮೇಲೆ

ನೂಲಿಗೆ ಬಣ್ಣ ಬಂದ ಮೇಲೆ ಸೂಜಿ ಬೇಕು. ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗೆ, ಮೆಂತಿ ಎಂಬ ನಾಲ್ಕು ಹೊಲಿಗೆ. ಗಂಟು ಹಾಕುವಂತಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿಯಲ್ಲಿ ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ಚಿತ್ರ ಮೂಡುತ್ತದೆ. ಧಾರವಾಡದ ಹೆಣ್ಣುಮಕ್ಕಳು ಗೋಪುರ, ತೇರು, ತುಳಸಿ ಬೃಂದಾವನವನ್ನು ಬಟ್ಟೆಗೆ ತಂದರು. ಜಂಗಮಕೋಟೆಯವರು ಅದೇ ಹೊಲಿಗೆಯಲ್ಲಿ ಹಿಪ್ಪುನೇರಳೆ ಎಲೆ, ಚರಕ, ನಂದಿ ಬೆಟ್ಟದ ಸಾಲು ಯಾಕೆ ತರಬಾರದು? ಎಣಿಸುವ ಸಹನೆ ಇಲ್ಲದವರಿಗೆ ಕೌದಿ ಇದೆ. ಹಳೇ ಸೀರೆಯ ತುಂಡು, ಓಡುಹೊಲಿಗೆ, ಮನಸ್ಸಿಗೆ ತೋಚಿದ ಬಣ್ಣದ ಜೋಡಿ. ಮನೆಯ ಅಜ್ಜಿಯೇ ಗುರು.

ನೋಡಿ ಕಲಿಯುವ ಜಾಗಗಳು

ಗೌರಿಬಿದನೂರು ದಾಟಿ ಹಿಂದೂಪುರದ ಮೇಲೆ ಹೋದರೆ ಲೇಪಾಕ್ಷಿ. 16ನೇ ಶತಮಾನದ ವೀರಭದ್ರ ದೇವಾಲಯದ ಒಳಚಾವಣಿಯಲ್ಲಿ ವಿಜಯನಗರ ಕಾಲದ ಚಿತ್ರಗಳಿವೆ. ಆ ಚಿತ್ರಗಳಲ್ಲಿ ಹೆಂಗಸರು ಉಟ್ಟ ಸೀರೆಗಳನ್ನು ಒಂದೊಂದಾಗಿ ನೋಡಿ: ಪಟ್ಟೆ, ಚೌಕಳಿ, ಹೂ, ಅಂಚು. ಲತಾ ಮಂಟಪದ ಕಂಬಗಳ ಬಳ್ಳಿ ನಕ್ಷೆಗಳೂ ಸೀರೆಯ ಅಂಚಿಗೆ ಇಳಿದಿವೆ. ಇನ್ನೂ ಹತ್ತಿರಕ್ಕೆ ಬೇಕೆಂದರೆ ನಂದಿ ಗ್ರಾಮದ ಭೋಗನಂದೀಶ್ವರ. ಅಲ್ಲಿನ ಕಲ್ಯಾಣ ಮಂಟಪದ ಕರಿಕಲ್ಲಿನ ಕೆತ್ತನೆ, ಕಲ್ಲಿನ ಜಾಲಂಧ್ರ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಲ್ಯಾಣಿ ಸ್ಕೆಚ್ ಪುಸ್ತಕ ಹಿಡಿದವರಿಗೆ ಇಡೀ ದಿನದ ಕೆಲಸ ಕೊಡುತ್ತವೆ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು 2004ರಿಂದ ನಡೆಸುತ್ತಿರುವ ಚಿತ್ರಸಂತೆಗೂ ಒಮ್ಮೆ ಹೋಗಿಬನ್ನಿ.

ಶುರು ಮಾಡುವವರಿಗೆ

• ಒಂದು ಹಿಡಿ ತೂತುಗೂಡು, ಚೂಪು ಕತ್ತರಿ, ಪೆನ್ಸಿಲ್, ಸೂಜಿ, ಸ್ಫಟಿಕ. ಮೊದಲ ತಿಂಗಳಿಗೆ ಇಷ್ಟು ಸಾಕು.
• ಗೂಡನ್ನು ಚೆನ್ನಾಗಿ ಒಣಗಿಸಿ ಬಿಗಿ ಡಬ್ಬಿಯಲ್ಲಿಡಿ. ತೇವ ತಾಗಿದರೆ ಬೂಷ್ಟು, ತೆರೆದಿಟ್ಟರೆ ಕೊರೆಯುವ ಹುಳ.
• ಬಣ್ಣ ಕಾಯಿಸುವ ಪಾತ್ರೆ ಮತ್ತೆ ಅಡುಗೆಗೆ ಬೇಡ.
• ಪ್ರತಿ ಬಣ್ಣದ ಒಂದು ಎಳೆಯನ್ನು ಪುಸ್ತಕಕ್ಕೆ ಅಂಟಿಸಿ, ಹೂವು, ನೀರು, ಹೊತ್ತು ಬರೆದಿಡಿ.

ಹವ್ಯಾಸವನ್ನು ಲಾಭದ ಲೆಕ್ಕದಲ್ಲಿ ತೂಗುವ ಅಭ್ಯಾಸ ಈಗ ಜೋರಾಗಿದೆ. ಒಂದು ಚಿತ್ರ ಬರೆದರೆ ಎಷ್ಟಕ್ಕೆ ಹೋಗುತ್ತದೆ ಎಂಬುದೇ ಮೊದಲ ಪ್ರಶ್ನೆ. ರೇಷ್ಮೆ ಸೀಮೆಯ ಬದುಕಿನಲ್ಲಿ ರೇಟಿನ ಏರಿಳಿತ ಸಾಕಷ್ಟಿದೆ, ಹವ್ಯಾಸಕ್ಕೂ ಅದನ್ನು ಅಂಟಿಸುವುದು ಬೇಡ. ಚಿಂತಾಮಣಿಯ ಕುರುಬೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ರೇಷ್ಮೆ ಕೃಷಿ ಮಹಾವಿದ್ಯಾಲಯವಿದೆ, ಊರೂರಲ್ಲಿ ಮಹಿಳಾ ಸಂಘಗಳಿವೆ, ಸರ್ಕಾರಿ ಶಾಲೆಗಳಲ್ಲಿ ಭಾನುವಾರ ಖಾಲಿ ಇರುವ ಕೋಣೆಗಳಿವೆ. ಹೊಲ, ಹುಳಮನೆ, ಮಾರುಕಟ್ಟೆಗಳ ನಡುವೆ ವಾರಕ್ಕೊಂದು ಮಧ್ಯಾಹ್ನ ಮಹಾವಿದ್ಯಾಲಯ, ಸಂಘ, ಶಾಲೆ ಮೂರೂ ಕೂಡಿದರೆ ಮಕ್ಕಳು, ಅಮ್ಮಂದಿರು, ಕೆಲಸ ಬಿಟ್ಟ ಹಿರಿಯ ರೀಲರುಗಳು ಒಟ್ಟಿಗೆ ಕೂತು ಕಲಿಯಬಹುದು. ಹಿರಿಯರ ಬೆರಳಿಗೆ ಎಳೆಯ ಗುಣ ಗೊತ್ತು, ಮಕ್ಕಳಿಗೆ ಬಣ್ಣದ ಧೈರ್ಯವಿದೆ. ಮುಂದಿನ ಬೆಳೆಯ ಗೂಡು ಬಿಡಿಸುವಾಗ ಮಾರುಕಟ್ಟೆಗೆ ತುಂಬುವ ಮೊದಲು ಒಂದು ಹಿಡಿ ಪಕ್ಕಕ್ಕಿಡಿ. ಅಷ್ಟರಿಂದ ಯಾರ ಆದಾಯವೂ ಕುಗ್ಗುವುದಿಲ್ಲ. ರೇಷ್ಮೆ ಬೆಳೆದವರಿಗೆ ಅದರ ಚೆಲುವಿನಲ್ಲಿ ಮೊದಲ ಪಾಲು ಸಲ್ಲಬೇಕು.