ಬೆಲ್ಟು ಜಾರುತ್ತಿದೆಯೇ? ಎಣಿಸಿ ನೋಡಿ

ನಮ್ಮ ಮನೆ ಮೈಸೂರಿನಲ್ಲಿ, ಹೊಲ ವರುಣಾ ನಾಲೆಯ ಕಡೆ. ಅಲ್ಲಿ ರಾಗಿ ಒಕ್ಕಣೆ ಯಂತ್ರವನ್ನು ಕರೆಂಟ್ ಮೋಟಾರಿನಲ್ಲಿ ಓಡಿಸುತ್ತೇನೆ. ಡ್ರಮ್ಮು ನಿಧಾನವಾದರೆ ಕಾಳು ತೆನೆಯಲ್ಲೇ ಉಳಿದು ಹುಲ್ಲಿನ ಜೊತೆ ಹೋಗುತ್ತದೆ, ಜೋರಾದರೆ ಕಾಳು ಒಡೆಯುತ್ತದೆ. ಸದ್ದು ಕೇಳಿಯೇ ವೇಗ ಹೇಳೋರು ನಮ್ಮಲ್ಲಿದ್ದಾರೆ. ಆದರೆ ಬೆಲ್ಟು ಸ್ವಲ್ಪ ಸ್ವಲ್ಪ ಜಾರುವುದು ಕಿವಿಗೆ ಸಿಗೋದಿಲ್ಲ.

ಮೋಟಾರು ನಿಮಿಷಕ್ಕೆ 1440 ಸುತ್ತು, ಅದರ ಪುಲ್ಲಿ 4 ಇಂಚು, ಡ್ರಮ್ಮಿನ ಪುಲ್ಲಿ 8 ಇಂಚು ಎಂದಿಟ್ಟುಕೊಳ್ಳಿ. ಡ್ರಮ್ಮು 720 ಸುತ್ತಬೇಕು. 660 ಬಂದರೆ ನೂರಕ್ಕೆ 8ಕ್ಕಿಂತ ಹೆಚ್ಚು ಜಾರಿದೆ ಎಂದರ್ಥ. ಹೊರೆ ಬಿದ್ದಾಗ ಮೋಟಾರಿನ ವೇಗವೂ ಇಳಿಯುತ್ತದೆ. ಹಾಗಾಗಿ ಎರಡು ಪುಲ್ಲಿಗೂ ಒಂದೊಂದು ಸೆನ್ಸರ್ ಬೇಕು, ಎರಡನ್ನೂ ಒಟ್ಟಿಗೇ ಎಣಿಸಬೇಕು.

ಕಬ್ಬಿಣ ಹತ್ತಿರ ಬಂದರೆ ಗುರುತಿಸುವ ಮೂರು ವೈರಿನ ಪ್ರಾಕ್ಸಿಮಿಟಿ ಸೆನ್ಸರ್ ತಂದೆ, ಎನ್‌ಪಿಎನ್ ಜಾತಿಯದು. ಕಂದು ವೈರು 12 ವೋಲ್ಟಿನ ಪ್ಲಸ್, ನೀಲಿ ಮೈನಸ್, ಕಪ್ಪು ಸಿಗ್ನಲ್. ಮೇನ್ ಸ್ವಿಚ್ ತೆಗೆದು, ಪ್ರತಿ ಪುಲ್ಲಿಗೂ ಎದುರುಬದುರು ಎರಡು ಬೋಲ್ಟು ಕೂರಿಸಿದೆ. ಒಂದೇ ಹಾಕಿದರೆ ತೂಕ ತಪ್ಪಿ ಪುಲ್ಲಿ ಅದುರುತ್ತದೆ. ಬೋಲ್ಟಿನ ತಲೆಗೂ ಸೆನ್ಸರಿಗೂ 2 ಮಿ.ಮೀ. ಸಂದು.

ಕಪ್ಪು ವೈರನ್ನು ನೇರ ಬೋರ್ಡಿಗೆ ಕೊಡಬೇಡಿ. ಕೆಲವು ಸೆನ್ಸರಿನ ಒಳಗೇ ರೆಸಿಸ್ಟರ್ ಇದ್ದು, ಎದುರಿಗೆ ಕಬ್ಬಿಣ ಇಲ್ಲದಾಗ ಆ ವೈರಿನಲ್ಲಿ 12 ವೋಲ್ಟ್ ನಿಂತಿರುತ್ತದೆ. ಆರ್ಡುಯಿನೊ ಊನೊ ತಡೆಯುವುದು 5 ವೋಲ್ಟು ಮಾತ್ರ. ನಡುವೆ ಪಿಸಿ817 ಆಪ್ಟೋಕಪ್ಲರ್ ಹಾಕಿ, ನಾಲ್ಕಾರು ರೂಪಾಯಿಯ ಮಾಲು. 12 ವೋಲ್ಟಿನ ಪ್ಲಸ್‌ನಿಂದ 1 ಕಿಲೋ ಓಮ್ ರೆಸಿಸ್ಟರ್, ಅಲ್ಲಿಂದ ಅದರೊಳಗಿನ ಎಲ್‌ಇಡಿಯ ಪ್ಲಸ್ ಕಾಲು. ಎಲ್‌ಇಡಿಯ ಇನ್ನೊಂದು ಕಾಲಿಗೆ ಕಪ್ಪು ವೈರು. ಆಚೆ ಬದಿಯ ಎಮಿಟರ್ ಬೋರ್ಡಿನ ಗ್ರೌಂಡಿಗೆ. ಕಲೆಕ್ಟರ್ ಬೋರ್ಡಿನ ಪಿನ್ನಿಗೆ, ಅಲ್ಲಿಂದಲೇ 10 ಕಿಲೋ ಓಮ್ ಮೂಲಕ 5 ವೋಲ್ಟಿಗೆ. ಊನೊದಲ್ಲಿ 2 ಮತ್ತು 3ನೇ ಪಿನ್ನುಗಳು ಈ ಎಣಿಕೆಗೆ ಒಗ್ಗುತ್ತವೆ. ಪ್ರೋಗ್ರಾಂ ಬರೆಯೋಕೆ ಇಂಜಿನಿಯರಿಂಗ್ ಹುಡುಗರನ್ನು ಕೇಳಿ. 1946ರಲ್ಲೇ ಎನ್‌ಐಇ ಶುರುವಾದ ಊರು, ಅವರಿಗೆ ಬರವಿಲ್ಲ!

ಒಂದೇ ಸೆಕೆಂಡು ಎಣಿಸಿದರೆ ಒಂದು ಎಣಿಕೆ ತಪ್ಪಿದರೂ 30 ಸುತ್ತಿನ ವ್ಯತ್ಯಾಸ. 10 ಸೆಕೆಂಡು ಎಣಿಸಿ ಮೂರರಿಂದ ಗುಣಿಸಿ. 240 ಬಂತೋ, 720 ಸುತ್ತು. ಮೊದಲು ಪುಲ್ಲಿಯನ್ನು ಕೈಯಲ್ಲೇ 10 ಸುತ್ತು ತಿರುಗಿಸಿ ನೋಡಿ; 20 ತೋರಿಸಬೇಕು. ಕೈಯಲ್ಲಿ ಸರಿ ಬಂದು ಮೋಟಾರು ಹಾಕಿದ ಮೇಲೆ ಹೆಚ್ಚು ಬಂದರೆ ಅದು ಸ್ಟಾರ್ಟರಿನ ಕಿಡಿಯ ಕಾಟ. ಸೆನ್ಸರ್ ವೈರನ್ನು ಮೋಟಾರ್ ಕೇಬಲ್ ಜೊತೆ ಕಟ್ಟಬೇಡಿ. ಜಾಲರಿ ಇರುವ ಕೇಬಲ್ ಹಾಕಿ, ಜಾಲರಿಯನ್ನು ಬೋರ್ಡಿನ ಕಡೆ ಮಾತ್ರ ಗ್ರೌಂಡ್ ಮಾಡಿ.

ವಿ ಬೆಲ್ಟು ಗಾಡಿಯೊಳಗೆ ಕೂರುವುದರಿಂದ ಪುಲ್ಲಿಯ ಹೊರ ಅಳತೆಯ ಲೆಕ್ಕ ಪಕ್ಕಾ ಅಲ್ಲ. ಹೊಸ ಬೆಲ್ಟು ಬಿಗಿ ಮಾಡಿ, ಹೊರೆಯಿಲ್ಲದೆ ಓಡಿಸಿ ಬಂದ ಅನುಪಾತ ಬರೆದಿಡಿ. ನಾನು ತೆನೆ ಹಾಕಿ ಓಡುವಾಗಿನ ಅನುಪಾತವನ್ನು ಅದರ ಜೊತೆ ಹೋಲಿಸುತ್ತೇನೆ. ಕಡಿಮೆಯಾಗಿದ್ದರೆ ಬೆಲ್ಟು ಬಿಗಿ ಮಾಡುವುದು. ಆಗಲೂ ಜಾರಿದರೆ ಬೆಲ್ಟು ಸವೆದು ಗಾಡಿಯ ತಳ ಮುಟ್ಟಿದೆಯೇ ನೋಡುವುದು. ಮುಟ್ಟಿದ್ದರೆ ಬಿಗಿ ಮಾಡಿ ಉಪಯೋಗವಿಲ್ಲ, ಬೇರೆ ಬೆಲ್ಟೇ ಬೇಕು.