ಚಾನೆಲ್ ಬಂದ್ ಮಾಡೋರು ಯಾರು?

ವೀಕ್ಷಕರೇ, ಸಂಜೆ ಟಿವಿ ಹಾಕ್ತೀರಿ. ದಿನಾ ನೋಡೋ ಚಾನೆಲ್ ಬರ್ತಾ ಇಲ್ಲ. ಕೇಬಲ್‌ನವರಿಗೆ ಫೋನ್ ಮಾಡಿದ್ರೆ, "ನಮ್ದೇನಿಲ್ಲ ಸಾರ್, ಮೇಲಿಂದಾನೇ ಬಂದ್ ಆಗಿದೆ" ಅಂತಾರೆ. ಆ 'ಮೇಲೆ' ಇರೋರು ಯಾರು? ಇವತ್ತು ಅದನ್ನೇ ಬಿಡಿಸಿ ನೋಡೋಣ.

ಹಾಸನ ಜಿಲ್ಲೆಯ ಹರದನಹಳ್ಳಿಯಿಂದಲೇ ಶುರು ಮಾಡೋಣ. ಎಚ್.ಡಿ. ದೇವೇಗೌಡರ ಹೆಸರಿನ 'ಎಚ್' ಅಂದರೆ ಆ ಊರು. ಗೌಡರು ಪ್ರಧಾನಿಯಾಗಿದ್ದಾಗಲೇ, 1997ರ ಫೆಬ್ರವರಿಯಲ್ಲಿ, ಟ್ರಾಯ್ ಸ್ಥಾಪನೆಯಾಯಿತು. ಮೊದಲು ಟೆಲಿಫೋನ್ ನೋಡಿಕೊಳ್ಳುತ್ತಿದ್ದ ಈ ಪ್ರಾಧಿಕಾರದ ಕೈಗೆ 2004ರಲ್ಲಿ ಕೇಬಲ್ ಟಿವಿಯೂ ಬಂತು. ಆದರೆ ಟ್ರಾಯ್ ನೋಡೋದು ದರ, ಪ್ಯಾಕೇಜು, ಸೇವೆ. ಕಾರ್ಯಕ್ರಮದಲ್ಲಿ ಏನಿದೆ ಅನ್ನೋದು ಅದರ ಕೆಲಸವಲ್ಲ.

ಅದಕ್ಕೆ ಇರೋದು 1995ರ ಕೇಬಲ್ ಟಿವಿ ಕಾಯ್ದೆ. ಅದರ 19ನೇ ಕಲಂ ಪ್ರಕಾರ, ಕಾರ್ಯಕ್ರಮ ಸಂಹಿತೆ ಮುರಿದರೆ ಅಥವಾ ಜಾತಿ, ಧರ್ಮ, ಭಾಷೆಯ ಹೆಸರಲ್ಲಿ ದ್ವೇಷ ಹುಟ್ಟಿಸುವಂತಿದ್ದರೆ, ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಪೊಲೀಸ್ ಕಮಿಷನರ್ ಆ ಪ್ರಸಾರವನ್ನು ಸಾರ್ವಜನಿಕ ಹಿತಾಸಕ್ತಿಯಿಂದ ನಿಲ್ಲಿಸಬಹುದು. 20ನೇ ಕಲಂ ಇನ್ನೂ ದೊಡ್ಡ ಅಧಿಕಾರವನ್ನು ಕೇಂದ್ರಕ್ಕೆ ಕೊಡುತ್ತದೆ. ಇದರ ಮೇಲೆ, ಚಾನೆಲ್ ನಡೆಸೋದಕ್ಕೇ ದೆಹಲಿಯ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಅನುಮತಿ ಬೇಕು.

ಸಾರ್ವಜನಿಕ ಹಿತ. ಕೇಳೋಕೆ ಚೆನ್ನಾಗಿದೆ. ಆದರೆ ಯಾವ ಸಾರ್ವಜನಿಕರ ಹಿತ?

2024ರ ಬೇಸಿಗೆ ನೆನಪಿದೆಯಲ್ಲ. ಹಾಸನದಲ್ಲಿ ಪೆನ್‌ಡ್ರೈವ್ ಪ್ರಕರಣ ಸಿಡಿಯಿತು. ದೇವೇಗೌಡರ ಮೊಮ್ಮಗ, ಆಗಿನ ಸಂಸದ ಪ್ರಜ್ವಲ್ ರೇವಣ್ಣ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಬಂತು. ಆ ಸುದ್ದಿಯನ್ನು ಬಿಡದೆ ಬೆನ್ನು ಹತ್ತಿದ ಚಾನೆಲ್‌ಗಳಲ್ಲಿ ಪವರ್ ಟಿವಿಯೂ ಒಂದು. ಅದರ ಅನುಮತಿ ನವೀಕರಣವಾಗಿಲ್ಲ ಅಂತ ಜೆಡಿಎಸ್‌ನ ವಿಧಾನ ಪರಿಷತ್ ಸದಸ್ಯರೊಬ್ಬರು, ಐಪಿಎಸ್ ಅಧಿಕಾರಿಯೊಬ್ಬರು ಹೈಕೋರ್ಟಿಗೆ ಹೋದರು. ಜೂನ್ ಕೊನೆಯ ವಾರ ಏಕಸದಸ್ಯ ಪೀಠ ಪ್ರಸಾರ ನಿಲ್ಲಿಸಲು ಹೇಳಿತು. ವಿಭಾಗೀಯ ಪೀಠದಲ್ಲೂ ಚಾನೆಲ್‌ಗೆ ಪರಿಹಾರ ಸಿಗಲಿಲ್ಲ. ಜುಲೈ 12ರಂದು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಇದರ ಹಿಂದೆ ಕಾಣೋದು ರಾಜಕೀಯ ದ್ವೇಷ ಅಂತ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರ ಪೀಠ ಖಾರವಾಗಿಯೇ ಹೇಳಿತು.

ಹಾಗಂತ ಅನುಮತಿ ಬೇಡವಾ? ಬೇಕು. ನಾನೂ ಚಾನೆಲ್‌ನವನೇ, ನಮಗೂ ನಿಯಮ ನಿಯಮವೇ. ಆದರೆ ಕಾಗದದ ತಕರಾರು ಸುದ್ದಿಯ ಬಾಯಿ ಮುಚ್ಚುವ ಬಟ್ಟೆಯಾಗಬಾರದು. ಅದಕ್ಕೆ ಒಂದು ವರ್ಷ ಮೊದಲೇ, 2023ರ ಏಪ್ರಿಲ್‌ನಲ್ಲಿ, ಮಲಯಾಳಂನ ಮೀಡಿಯಾ ಒನ್ ಚಾನೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿತ್ತು. ಸರ್ಕಾರವನ್ನು ಟೀಕಿಸಿದರು ಅನ್ನೋದು ಅನುಮತಿ ನಿರಾಕರಿಸಲು ಕಾರಣವಲ್ಲ. ಕಾರಣವನ್ನು ಲಕೋಟೆಯೊಳಗೆ ಮುಚ್ಚಿಟ್ಟು ಚಾನೆಲ್ ಬಂದ್ ಮಾಡೋ ಹಾಗೂ ಇಲ್ಲ.

ಇನ್ನೊಂದು ಮುಖವನ್ನೂ ಹೇಳದಿದ್ದರೆ ಮೋಸವಾದೀತು. ಆ ಪೆನ್‌ಡ್ರೈವ್‌ಗಳಲ್ಲಿ ಇದ್ದದ್ದು ನಮ್ಮ ನಿಮ್ಮಂಥ ಮನೆಗಳ ಹೆಣ್ಣುಮಕ್ಕಳು. ಅವರ ಗುರುತು ಬಯಲು ಮಾಡೋದು ಕಾನೂನಿನ ಪ್ರಕಾರ ಅಪರಾಧ. 2025ರ ಆಗಸ್ಟ್‌ನಲ್ಲಿ ಒಂದು ಪ್ರಕರಣದಲ್ಲಿ ಪ್ರಜ್ವಲ್‌ಗೆ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಮನೆಗೆಲಸದ ಹೆಣ್ಣುಮಗಳು ಧೈರ್ಯವಾಗಿ ಸಾಕ್ಷಿ ಹೇಳಿದ್ದರಿಂದ ಅದು ಸಾಧ್ಯವಾಯಿತು. ಅಂಥವರ ಮುಖವನ್ನು ಯಾವುದೇ ಚಾನೆಲ್ ಟಿಆರ್‌ಪಿಗಾಗಿ ತೋರಿಸಲು ಹೊರಟರೆ, ಅದನ್ನು ತಡೆಯೋದೇ ಸಾರ್ವಜನಿಕ ಹಿತ. ಅಲ್ಲಿ ಅಧಿಕಾರಿ ಸುಮ್ಮನಿದ್ದರೆ ತಪ್ಪು.

ವ್ಯತ್ಯಾಸ ಇಷ್ಟೇ. ತಪ್ಪಾದ ಕಾರ್ಯಕ್ರಮವನ್ನು ಕಾರಣ ಬರೆದು ನಿಲ್ಲಿಸಿದರೆ ಅದು ಉಸ್ತುವಾರಿ. ಆಗದ ಸುದ್ದಿಗಾಗಿ ಇಡೀ ಚಾನೆಲ್‌ಗೇ ಬೀಗ ಹಾಕಿದರೆ ಅದು ಸೇಡು.

ನಿಮ್ಮ ಕೈಯಲ್ಲೂ ಒಂದು ಅಸ್ತ್ರವಿದೆ. 2021ರ ನಿಯಮದಂತೆ, ನಮ್ಮ ಕಾರ್ಯಕ್ರಮ ಸರಿ ಇಲ್ಲ ಅನಿಸಿದರೆ ಮೊದಲು ನಮಗೇ ದೂರು ಕೊಡಿ. 24 ಗಂಟೆಯಲ್ಲಿ ಸ್ವೀಕೃತಿ, 15 ದಿನದಲ್ಲಿ ಉತ್ತರ ಕೊಡಲೇಬೇಕು. ತೃಪ್ತಿಯಾಗದಿದ್ದರೆ ಚಾನೆಲ್‌ಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ ಹೋಗಿ. ಅದೂ ಆಗದಿದ್ದರೆ ಕೇಂದ್ರದ ಸಮಿತಿಯಿದೆ.

ರಿಮೋಟ್ ಒತ್ತಿ ಚಾನೆಲ್ ಬದಲಿಸೋದು ಸುಲಭ. ಒಂದು ದೂರು ಬರೆಯೋದು ಸ್ವಲ್ಪ ಕಷ್ಟ. ನೀವು ಆ ಕಷ್ಟ ತಗೊಂಡರೆ, ಸಾರ್ವಜನಿಕ ಹಿತ ಅಂದರೇನು ಅಂತ ದೊಡ್ಡವರೇ ತೀರ್ಮಾನಿಸೋದು ತಪ್ಪುತ್ತೆ.