ತಾತನ ಪಟ್ಟಿಯಲ್ಲಿ ಮೊದಲ ಸ್ಥಾನ ಯಾರಿಗೆ?

ಬೇಸಿಗೆ ರಜೆಗೆಂದು ಬಂದಿದ್ದ ಮೊಮ್ಮಗಳು ಅಟ್ಟದ ಮೇಲಿನ ಟ್ರಂಕು ಕೆದಕುತ್ತಿದ್ದಾಗ ನನ್ನ ಬಿ.ಕಾಂ. ಕಾಲದ ನೋಟ್‌ಬುಕ್ಕೊಂದು ಅವಳ ಕೈಗೆ ಸಿಕ್ಕಿತು. ಪುಟಗಳ ತುಂಬ ಜಮಾ-ಖರ್ಚಿನ ಲೆಕ್ಕ. ಕೊನೆಯ ಪುಟದಲ್ಲಿ ಮಾತ್ರ ಬೇರೆಯೇ ಲೆಕ್ಕ: ‘ನನ್ನ ಮೆಚ್ಚಿನ ಏಳು ರಾಕ್ ಆಲ್ಬಂಗಳು, 1984’. ಕೆಂಪು ಶಾಯಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ.

“ತಾತ, ನೀವು ಮೆಟಲ್ ಕೇಳ್ತಿದ್ರಾ?” ಏಳನೇ ತರಗತಿಯ ಹುಡುಗಿ ಕಣ್ಣರಳಿಸಿದಳು.

“ಈಗಲೂ ಕೇಳ್ತೀನಿ ಪುಟ್ಟಿ. ನಿಮ್ಮಜ್ಜಿ ಭಜನೆಗೆ ಹೋದಾಗ.”

“ಹಾಗಾದ್ರೆ ಈಗಿನ ಪಟ್ಟಿ ಬರೀರಿ. ಇದು ನಲವತ್ತು ವರ್ಷದ ಹಳೇದು.”

ಅದೇನು ಮಹಾ ಕೆಲಸ ಎಂದುಕೊಂಡೆ. ಆದರೆ ಏಳು ಸಂಜೆ ಕೂತು ಏಳನ್ನೂ ಮತ್ತೆ ಕೇಳಿದ ಮೇಲೆ ಹಳೆಯ ಪಟ್ಟಿ ತಲೆಕೆಳಗಾಯಿತು. ಹಾಡುಗಳು ಬದಲಾಗಿರಲಿಲ್ಲ. ಬದಲಾದದ್ದು ನನ್ನ ಕಿವಿ.

ಮೊದಲು ಆಲ್ಬಂ ಎಂದರೇನು ಎಂದು ಮಕ್ಕಳಿಗೆ ಹೇಳಿಬಿಡುತ್ತೇನೆ. ಈಗ ನೀವು ಫೋನಿನಲ್ಲಿ ಒಂದು ಹಾಡು ಒತ್ತಿ ಅರ್ಧಕ್ಕೇ ಇನ್ನೊಂದಕ್ಕೆ ಹಾರುತ್ತೀರಿ. ನಮ್ಮ ಕಾಲದಲ್ಲಿ ಎಂಟೊಂಬತ್ತು ಹಾಡುಗಳನ್ನು ಒಂದು ಕ್ರಮದಲ್ಲಿ ಜೋಡಿಸಿ ಒಂದು ತಟ್ಟೆ ಮಾಡುತ್ತಿದ್ದರು. ಸಂಗೀತ ಕಚೇರಿಯಲ್ಲಿ ಮೊದಲು ವರ್ಣ, ಆಮೇಲೆ ಕೃತಿಗಳು, ಕೊನೆಗೆ ಮಂಗಳ ಎಂಬ ಕ್ರಮ ಇರುತ್ತದಲ್ಲ, ಹಾಗೆಯೇ. ತಟ್ಟೆ ಕೊಳ್ಳುವಷ್ಟು ದುಡ್ಡು ನಮ್ಮಲ್ಲಿರಲಿಲ್ಲ. ಯಾರದೋ ಅಣ್ಣ ವಿದೇಶದಿಂದ ತಂದದ್ದನ್ನು ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುತ್ತಿದ್ದೆವು. 90 ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಒಂದು ಆಲ್ಬಂ ಸರಿಯಾಗಿ ಕೂರುತ್ತಿತ್ತು. ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುವ ವಿದ್ಯೆ ಈ ಪತ್ರಿಕೆ ಓದುವ ಅಜ್ಜ-ಅಜ್ಜಿಯರಿಗೆ ಮರೆತಿರಲಾರದು.

ಇನ್ನು ಕಿವಿಯ ಕತೆ. ಮೈಸೂರಿನಿಂದ ಮಂಡ್ಯಕ್ಕೆ ಹನ್ನೊಂದು ವರ್ಷ ರೈಲಿನಲ್ಲಿ ಓಡಾಡಿ ಬ್ಯಾಂಕ್ ಕೆಲಸ ಮಾಡಿದೆ. ಹೋಗುವಾಗ ಒಂದು ಆಲ್ಬಂ, ಬರುವಾಗ ಒಂದು. ರೈಲಿನ ಗಡಗಡ ಸದ್ದನ್ನು ಮೀರಿ ಹಾಡು ಕೇಳಬೇಕೆಂದು ಹೆಡ್‌ಫೋನಿನ ಧ್ವನಿಯನ್ನು ಕೊನೆಯವರೆಗೂ ತಿರುಗಿಸುತ್ತಿದ್ದೆ. ಯಾರೂ ಬೇಡ ಎನ್ನಲಿಲ್ಲ. ಎಂದಿದ್ದರೂ ನನಗೆ ಕೇಳಿಸುತ್ತಿರಲಿಲ್ಲ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ. ಅದರೊಳಗೆ ಹುಟ್ಟುವಾಗ ಕೂದಲಿನಂಥ ತುದಿಯುಳ್ಳ ಸುಮಾರು 15,000 ಜೀವಕೋಶಗಳಿರುತ್ತವೆ. ಸದ್ದು ಬಂದಾಗ ಅವು ಗಾಳಿಗೆ ಪೈರು ಬಾಗಿದಂತೆ ಬಾಗಿ ಮಿದುಳಿಗೆ ಸುದ್ದಿ ಕಳಿಸುತ್ತವೆ. ಸುರುಳಿಯ ಬಾಗಿಲ ಬಳಿ ಇರುವವು ತಾರ ಸ್ವರಗಳನ್ನು, ಒಳತುದಿಯಲ್ಲಿರುವವು ಮಂದ್ರ ಸ್ವರಗಳನ್ನು ಹಿಡಿಯುತ್ತವೆ. ಅತಿಯಾದ ಸದ್ದಿಗೆ ಮೊದಲು ಸಾಯುವುದು ಬಾಗಿಲ ಕಡೆಯವು. ಸತ್ತ ಮೇಲೆ ಮತ್ತೆ ಹುಟ್ಟುವುದಿಲ್ಲ. ಹೋದ ವರ್ಷ ಕಿವಿ ಪರೀಕ್ಷೆ ಮಾಡಿಸಿದಾಗ ಕಾಗದದ ಮೇಲಿನ ಗೆರೆ ಬಲಕ್ಕೆ ಹೋಗುತ್ತ ಹೋಗುತ್ತ ಜಾರುಬಂಡೆಯಂತೆ ಇಳಿದಿತ್ತು. ಎಡಗಿವಿಯಲ್ಲಿ ಇನ್ನೂ ಕಡಿದು. ಸೊಸೆ ‘ಸಾರು ಬೇಕಾ’ ಎಂದರೆ ನನಗೆ ‘ಆರು ಬೇಕಾ’ ಎಂದು ಕೇಳಿಸುತ್ತದೆ. ಆರು ಏನು ಎಂದು ಕೇಳಿ ಒಮ್ಮೆ ಎಲ್ಲರನ್ನೂ ನಗಿಸಿದ್ದೇನೆ.

ಈ ಕಿವಿ ಇಟ್ಟುಕೊಂಡು ಮಾಡಿದ ಪಟ್ಟಿ ಇದು. ಕೆಳಗಿನಿಂದ ಮೇಲಕ್ಕೆ ಹೋಗೋಣ.

ಏಳನೆಯದು ಡೀಪ್ ಪರ್ಪಲ್ ತಂಡದ ‘ಮೆಷಿನ್ ಹೆಡ್’, 1972. ಹಳೆಯ ಪಟ್ಟಿಯಲ್ಲಿ ಮೂರನೆಯದಾಗಿತ್ತು. ಇದನ್ನು ಧ್ವನಿಮುದ್ರಿಸಲು ತಂಡ ಸ್ವಿಟ್ಜರ್ಲೆಂಡಿನ ಮಾಂಟ್ರೂ ಊರಿಗೆ ಹೋಗಿತ್ತು. 1971ರ ಡಿಸೆಂಬರ್ 4ರಂದು ಅಲ್ಲಿನ ಕ್ಯಾಸಿನೊದಲ್ಲಿ ಬೇರೊಬ್ಬರ ಕಚೇರಿ ನಡೆಯುತ್ತಿದ್ದಾಗ ಸಭಿಕನೊಬ್ಬ ಬೆಳಕಿನ ಬಾಣ ಹಾರಿಸುವ ಪಿಸ್ತೂಲನ್ನು ಛಾವಣಿಯತ್ತ ಹಾರಿಸಿದ. ಕಟ್ಟಡವೇ ಸುಟ್ಟುಹೋಯಿತು, ಹೊಗೆ ಸರೋವರದ ಮೇಲೆಲ್ಲ ಹರಡಿತು. ಧ್ವನಿಮುದ್ರಣಕ್ಕೆ ಗೊತ್ತುಮಾಡಿದ್ದ ಜಾಗವೇ ಅದು! ಚಳಿಗಾಲಕ್ಕೆಂದು ಮುಚ್ಚಿದ್ದ ಒಂದು ಹೋಟೆಲಿನ ಓಣಿಯಲ್ಲಿ ವಾದ್ಯಗಳನ್ನು ಹರಡಿಕೊಂಡು ಕೆಲಸ ಮುಗಿಸಿದರು. ಆ ಹೊಗೆಯ ಮೇಲೆ ಕಟ್ಟಿದ ಹಾಡೇ ‘ಸ್ಮೋಕ್ ಆನ್ ದ ವಾಟರ್’. ಗಿಟಾರ್ ಕಲಿಯುವ ಹುಡುಗರು ಇವತ್ತಿಗೂ ಮೊದಲು ಮೀಟುವುದು ಅದರ ಆರಂಭವನ್ನೇ. ನಮ್ಮ ಪಕ್ಕದ ಮನೆಯ ಹುಡುಗ ಎರಡು ವರ್ಷದಿಂದ ಅದನ್ನೇ ಮೀಟುತ್ತಿದ್ದಾನೆ. ಏಳಕ್ಕೆ ಇಳಿದದ್ದಕ್ಕೆ ಅದೂ ಒಂದು ಕಾರಣ.

ಆರನೆಯದು ಐರನ್ ಮೇಡನ್ ತಂಡದ ‘ಪವರ್‌ಸ್ಲೇವ್’, 1984. ಇದರ ಕೊನೆಯ ಹಾಡು 13 ನಿಮಿಷಕ್ಕೂ ಹೆಚ್ಚು. ಕೋಲ್‌ರಿಜ್ ಎಂಬ ಇಂಗ್ಲಿಷ್ ಕವಿ 1798ರಲ್ಲಿ ಪ್ರಕಟಿಸಿದ, ಕಡಲಹಕ್ಕಿಯನ್ನು ಕೊಂದು ಶಾಪಕ್ಕೆ ಗುರಿಯಾದ ನಾವಿಕನ ಕಥನಕವನ ಅದರ ವಸ್ತು. ಗಾಯಕ ಬ್ರೂಸ್ ಡಿಕಿನ್ಸನ್ ವಿಮಾನದ ಪೈಲಟ್ ಕೂಡ. ತಮ್ಮ ತಂಡವನ್ನೂ ಸಾಮಾನನ್ನೂ ಬೋಯಿಂಗ್ ವಿಮಾನದಲ್ಲಿ ತಾವೇ ಹಾರಿಸಿಕೊಂಡು ದೇಶದೇಶ ಸುತ್ತಿದವರು. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಈ ತಂಡ ಬಂದಾಗ ಮಗನನ್ನು ಕರೆದುಕೊಂಡು ಹೋಗಿದ್ದೆ. ನಿಜ ಹೇಳಬೇಕೆಂದರೆ ಅವನೇ ನನ್ನನ್ನು ಕರೆದುಕೊಂಡು ಹೋದದ್ದು. ಇದಕ್ಕೆ ಜಾಗ ಮಾಡಲು ಹಳೆಯ ಪಟ್ಟಿಯಿಂದ ಒಂದನ್ನು ತೆಗೆದೆ. ಅದರ ಹೆಸರು ಹೇಳಲು ನಾಚಿಕೆ.

ಐದನೆಯದು ಲೆಡ್ ಜೆಪ್ಲಿನ್ ತಂಡದ ನಾಲ್ಕನೆಯ ಆಲ್ಬಂ, 1971. ರಟ್ಟಿನ ಮೇಲೆ ತಂಡದ ಹೆಸರೂ ಇಲ್ಲ, ಆಲ್ಬಮ್ಮಿನ ಹೆಸರೂ ಇಲ್ಲ. ಬೆನ್ನ ಮೇಲೆ ಕಟ್ಟಿಗೆ ಹೊರೆ ಹೊತ್ತ ಮುದುಕನ ಚಿತ್ರ ಮಾತ್ರ. ಕೊನೆಯ ಹಾಡಿಗಾಗಿ ಒಂದು ಹಳೆಯ ಮನೆಯ ಮೆಟ್ಟಿಲ ಬುಡದಲ್ಲಿ ಡ್ರಮ್ಸ್ ಇಟ್ಟು, ಮೇಲಿನ ಮಹಡಿಯಿಂದ ಮೈಕು ಇಳಿಬಿಟ್ಟರು. ಅದಕ್ಕೇ ಆ ಸದ್ದು ಬಾವಿಯೊಳಗಿಂದ ಬಂದಂತಿದೆ. ಎಡಗಿವಿಗೂ ಚೆನ್ನಾಗಿ ಮುಟ್ಟುತ್ತದೆ.

ನಾಲ್ಕನೆಯದನ್ನು ಕೊನೆಗೆ ಹೇಳುತ್ತೇನೆ. ಅದರ ಮೇಲೆ ಮನೆಯಲ್ಲಿ ಜಗಳ ನಡೆದಿದೆ.

ಮೂರನೆಯದು ಎಸಿ/ಡಿಸಿ ತಂಡದ ‘ಬ್ಯಾಕ್ ಇನ್ ಬ್ಲ್ಯಾಕ್’, 1980. ಗಿಟಾರ್ ನುಡಿಸುವ ಆಂಗಸ್ ಯಂಗ್ ಅವರು ವೇದಿಕೆಗೆ ಬರುವುದು ಶಾಲೆಯ ಸಮವಸ್ತ್ರದಲ್ಲಿ, ಚಡ್ಡಿ ಟೋಪಿ ಸಮೇತ. ಅವರ ಅಕ್ಕ ಕೊಟ್ಟ ಉಪಾಯ ಅದು. ಆ ವರ್ಷದ ಫೆಬ್ರುವರಿಯಲ್ಲಿ ತಂಡದ ಗಾಯಕ ಬಾನ್ ಸ್ಕಾಟ್ ತೀರಿಕೊಂಡರು. ಜುಲೈ ಹೊತ್ತಿಗೆ ಹೊಸ ಗಾಯಕ ಬ್ರಯಾನ್ ಜಾನ್ಸನ್ ಅವರೊಂದಿಗೆ ಈ ಆಲ್ಬಂ ಬಂತು. ಸೂತಕದ ಗುರುತಾಗಿ ರಟ್ಟು ಪೂರ್ತಿ ಕಪ್ಪು. ಶುರುವಾಗುವುದು ನಿಧಾನವಾಗಿ ಬಾರಿಸುವ ದೊಡ್ಡ ಗಂಟೆಯಿಂದ. ಅದಕ್ಕೆಂದೇ ಇಂಗ್ಲೆಂಡಿನ ಲಫ್‌ಬರೊ ಊರಿನಲ್ಲಿ ಸುಮಾರು 900 ಕಿಲೋ ತೂಕದ ಗಂಟೆ ಎರಕ ಹೊಯ್ಯಿಸಿದ್ದರು.

ಇದೇ ಜಾನ್ಸನ್ ಅವರಿಗೆ 2016ರಲ್ಲಿ ವೈದ್ಯರು, ಹಾಡುವುದನ್ನು ಕೂಡಲೇ ನಿಲ್ಲಿಸದಿದ್ದರೆ ಪೂರ್ತಿ ಕಿವುಡಾಗುತ್ತೀರಿ ಎಂದು ಎಚ್ಚರಿಸಿದರು. ತಂಡದ ಪ್ರವಾಸದ ಮಧ್ಯದಲ್ಲೇ ಅವರು ಹಿಂದೆ ಸರಿದರು. ಕಿವಿಗೆ ಹಾಕಿಕೊಳ್ಳುವ ಹೊಸ ಬಗೆಯ ಸಾಧನದ ನೆರವಿನಿಂದ ಆಮೇಲೆ ಮತ್ತೆ ಹಾಡಿದರು, 2020ರಲ್ಲಿ ಹೊಸ ಆಲ್ಬಮ್ಮೂ ಬಂತು. ಇದನ್ನು ಓದಿ ಹೇಳಿದ್ದು ಮೊಮ್ಮಗಳೇ. ಹೇಳುವಾಗ ಅವಳ ಒಂದು ಕಿವಿಯಲ್ಲಿ ಇಯರ್‌ಫೋನ್ ಇತ್ತು. ನಾನು ಅದನ್ನೇ ನೋಡಿದೆ. ಅವಳು ಮೆಲ್ಲಗೆ ತೆಗೆದು ಜೇಬಿಗೆ ಹಾಕಿಕೊಂಡಳು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: ದೊಡ್ಡವರಾದರೆ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು; ಮಕ್ಕಳಿಗೆ 75 ಡೆಸಿಬೆಲ್ಲೇ ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 90 ಡೆಸಿಬೆಲ್‌ಗೆ ಬಂದರೆ ದೊಡ್ಡವರಿಗೂ ವಾರಕ್ಕೆ 4 ಗಂಟೆ ಮಾತ್ರ. ಆ ಲೆಕ್ಕದಲ್ಲಿ ನಾನು ಮಂಡ್ಯ ರೈಲಿನಲ್ಲಿ ನನ್ನ ವಾರದ ಪಾಲನ್ನು ಬಹುಶಃ ಸೋಮವಾರವೇ ಮುಗಿಸುತ್ತಿದ್ದೆ.

ಎರಡನೆಯದು ಕ್ವೀನ್ ತಂಡದ ‘ಎ ನೈಟ್ ಅಟ್ ದಿ ಆಪೆರಾ’, 1975. ಹಳೆಯ ಪಟ್ಟಿಯಲ್ಲೂ ಇದು ಎರಡನೆಯದೇ, ಕದಲಿಲ್ಲ. ಗಾಯಕ ಫ್ರೆಡ್ಡಿ ಮರ್ಕ್ಯುರಿ ಪಾರ್ಸಿ ಮನೆತನದವರು. ಹುಟ್ಟುಹೆಸರು ಫಾರೂಖ್ ಬುಲ್ಸಾರಾ. ಓದಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿಯ ವಸತಿಶಾಲೆಯಲ್ಲಿ. ಆದರೆ ಮೊಮ್ಮಗಳಿಗೆ ಹಿಡಿಸಿದ್ದು ಗಿಟಾರ್ ವಾದಕ ಬ್ರಯಾನ್ ಮೇ ಅವರ ಕತೆ. ಹುಡುಗನಾಗಿದ್ದಾಗ ಒಳ್ಳೆಯ ಗಿಟಾರ್ ಕೊಳ್ಳಲು ಮನೆಯಲ್ಲಿ ದುಡ್ಡಿರಲಿಲ್ಲ. 1963ರಲ್ಲಿ ಅಪ್ಪ-ಮಗ ಸೇರಿ ತಾವೇ ಒಂದನ್ನು ಮಾಡಲು ಕೂತರು. ಹಳೆಯ ಬೆಂಕಿಗೂಡಿನ ಮೇಲಿದ್ದ ಮರದ ಹಲಗೆಯಿಂದ ಅದರ ಕತ್ತು ಕೆತ್ತಿದರು. ಹಳೆಯ ಮೋಟಾರ್ ಸೈಕಲ್ಲಿನ ಸ್ಪ್ರಿಂಗು, ಅಮ್ಮನ ಹೊಲಿಗೆ ಪೆಟ್ಟಿಗೆಯ ಮುತ್ತಿನ ಚಿಪ್ಪಿನ ಗುಂಡಿಗಳು, ಹೆಣಿಗೆ ಕಡ್ಡಿಯ ತುದಿ, ಎಲ್ಲವೂ ಅದರೊಳಗೆ ಸೇರಿದವು. ಸುಮಾರು ಎರಡು ವರ್ಷ ಹಿಡಿಯಿತು. ತಂತಿ ಮೀಟಲು ಅವರು ಬಳಸುವುದು ಹಳೆಯ ಆರು ಪೆನ್ನಿ ನಾಣ್ಯ. ಆಲ್ಬಮ್ಮಿನಲ್ಲಿ ಕೇಳುವುದು ಅದೇ ಗಿಟಾರ್. ಅರ್ಧಕ್ಕೆ ಬಿಟ್ಟಿದ್ದ ಖಗೋಳವಿಜ್ಞಾನದ ಪಿಎಚ್.ಡಿ.ಯನ್ನು ಅವರು 2007ರಲ್ಲಿ, 60ರ ವಯಸ್ಸಿನಲ್ಲಿ ಮುಗಿಸಿದರು. “ನಾವೂ ಮಾಡೋಣ ತಾತ” ಎಂದಳು. ಪಿಎಚ್.ಡಿ.ಯನ್ನಲ್ಲ, ಗಿಟಾರನ್ನು. ಹಳೆಯ ಬಾಗಿಲೊಂದು ಹಿತ್ತಿಲಲ್ಲಿ ಇದೆ, ನೋಡಬೇಕು.

ಈಗ ಮೊದಲನೆಯದು. ಬ್ಲ್ಯಾಕ್ ಸಬಾತ್ ತಂಡದ ‘ಮಾಸ್ಟರ್ ಆಫ್ ರಿಯಾಲಿಟಿ’, 1971. 1984ರಲ್ಲಿ ಇದಕ್ಕೆ ಕಟ್ಟಕಡೆಯ ಸ್ಥಾನ ಕೊಟ್ಟಿದ್ದೆ. ಪಕ್ಕದಲ್ಲಿ ‘ತುಂಬಾ ಭಾರ’ ಎಂದು ಷರಾ ಬರೆದಿದ್ದೆ.

ಗಿಟಾರ್ ವಾದಕ ಟೋನಿ ಅಯೋಮಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹುಡುಗ. 17ರ ವಯಸ್ಸಿನಲ್ಲಿ, ಕೆಲಸದ ಕೊನೆಯ ದಿನ, ಯಂತ್ರ ಬಲಗೈಯ ಎರಡು ಬೆರಳುಗಳ ತುದಿಯನ್ನು ಕತ್ತರಿಸಿಹಾಕಿತು. ಅವರು ಎಡಚರು, ಹಾಗಾಗಿ ತಂತಿ ಒತ್ತುವುದು ಬಲಗೈಯಲ್ಲೇ. ಇನ್ನು ಗಿಟಾರ್ ಮುಗಿಯಿತು ಎಂದು ಮಂಕಾಗಿ ಕೂತಿದ್ದಾಗ ಕಾರ್ಖಾನೆಯ ಮೇಲಧಿಕಾರಿ ಒಂದು ಧ್ವನಿಮುದ್ರಿಕೆ ತಂದುಕೊಟ್ಟರು. ಅದರಲ್ಲಿ ನುಡಿಸಿದ್ದವರು ಜ್ಯಾಂಗೊ ರೈನ್‌ಹಾರ್ಟ್. ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳು ಸೆಟೆದುಹೋದ ಮೇಲೆ ಉಳಿದೆರಡು ಬೆರಳಲ್ಲೇ ಜಗತ್ತನ್ನು ಬೆರಗುಗೊಳಿಸಿದವರು.

ಅಯೋಮಿ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ಮೇಲೆ ತೊಗಲು ಅಂಟಿಸಿದರು. ತೆಳು ತಂತಿ ಹಾಕಿದರು. ಆದರೂ ನೋವು. ಈ ಮೂರನೆಯ ಆಲ್ಬಂ ಹೊತ್ತಿಗೆ ಕೆಲವು ಹಾಡುಗಳಲ್ಲಿ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೇ ಇಳಿಸಿಬಿಟ್ಟರು. ಹಾರ್ಮೋನಿಯಂ ಬಲ್ಲವರಿಗೆ ಹೇಳುವುದಾದರೆ, ಕರಿ ಬಿಳಿ ಎರಡನ್ನೂ ಎಣಿಸಿ ಮೂರು ಮನೆ ಕೆಳಗೆ. ಬೆರಳಿಗೆ ಹಗುರವಾಯಿತು, ಸದ್ದು ಮಾತ್ರ ಇನ್ನಷ್ಟು ಭಾರವಾಯಿತು. ಬೇಸ್ ಗಿಟಾರನ್ನೂ ಅದಕ್ಕೆ ತಕ್ಕಂತೆ ಇಳಿಸಿದರು. ಆಮೇಲೆ ಬಂದ ಎಷ್ಟೋ ಮೆಟಲ್ ತಂಡಗಳು ಹೀಗೆಯೇ ಶ್ರುತಿ ಇಳಿಸಿಕೊಂಡವು.

ಇಪ್ಪತ್ತೆರಡರ ಹುಡುಗನಿಗೆ ಇದು ತುಂಬಾ ಭಾರವಾಗಿತ್ತು. ಈಗ ಕೇಳಿದಾಗ ಒಂದು ತಂತಿಯೂ ತಪ್ಪಿಹೋಗಲಿಲ್ಲ. ಪೆಟ್ಟು ತಿಂದ ಬೆರಳಿಗೆಂದು ಇಳಿಸಿದ ಶ್ರುತಿ ನನ್ನ ಪೆಟ್ಟು ತಿಂದ ಕಿವಿಗೆ ಎಟುಕುವಷ್ಟು ಕೆಳಗೆ ಬಂದು ನಿಂತಿದೆ. ಮೊದಲ ಸ್ಥಾನ ಅದಕ್ಕೇ.

ಇಲ್ಲಿ ಜಗಳ ಶುರು. ಹಳೆಯ ಪಟ್ಟಿಯ ಮೊದಲನೆಯದು ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’, 1973. ಕಪ್ಪು ರಟ್ಟಿನ ಮೇಲೆ ಪಟ್ಟಕ, ಅದರಿಂದ ಹೊರಡುವ ಬಣ್ಣಗಳು. ಹಾಡು ಕೇಳದ ಮಕ್ಕಳೂ ಆ ಚಿತ್ರವನ್ನು ಅಂಗಿಗಳ ಮೇಲೆ ನೋಡಿರುತ್ತಾರೆ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1973ರಿಂದ 1988ರ ನಡುವೆ 741 ವಾರ ಇದ್ದ ಆಲ್ಬಂ ಅದು. ಅದನ್ನು ನಾಲ್ಕಕ್ಕೆ ಇಳಿಸಿದ್ದು ಮೊಮ್ಮಗಳಿಗೆ ಸಹಿಸಲಿಲ್ಲ. “ಯಾಕೆ ತಾತ? ಇದೇ ಬೆಸ್ಟು!”

ಅದರಲ್ಲಿ ಒಂದು ಕಡೆ ಹತ್ತಾರು ಗಡಿಯಾರಗಳು ಒಟ್ಟಿಗೆ ಬಾರಿಸುತ್ತವೆ. ಗಡಿಯಾರದ ಅಂಗಡಿಯಲ್ಲಿ ಒಂದೊಂದನ್ನೇ ಬೇರೆಬೇರೆಯಾಗಿ ಧ್ವನಿಮುದ್ರಿಸಿ ಸೇರಿಸಿದ್ದು. ಹಿಂದೆ ನಾನು ಅವನ್ನು ಬಿಡಿಬಿಡಿಯಾಗಿ ಎಣಿಸಬಲ್ಲೆ ಎಂದು ಗೆಳೆಯರ ಮುಂದೆ ಜಂಬ ಕೊಚ್ಚುತ್ತಿದ್ದೆ. ಈಗ ದೊಡ್ಡ ಗಂಟೆಗಳು ಕೇಳುತ್ತವೆ. ಸಣ್ಣವುಗಳ ಕಿಣಿಕಿಣಿ ಇಲ್ಲ. “ನನಗೆ ಕೇಳಿಸದ್ದಕ್ಕೆ ನಾನು ಹೇಗೆ ಅಂಕ ಕೊಡಲಿ ಪುಟ್ಟಿ?” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಮರುದಿನ ಸಂಜೆ ಅವಳೇ ಸ್ಪೀಕರ್ ತಂದಿಟ್ಟು, ಧ್ವನಿಯನ್ನು ಅರ್ಧಕ್ಕಿಟ್ಟು, ನನ್ನ ಎಡಗಡೆ ಕೂತಳು. ನನಗೆ ತಪ್ಪಿಹೋಗುವ ಸದ್ದು ಬಂದಾಗಲೆಲ್ಲ ಬೆರಳು ಎತ್ತುವುದು ಎಂದು ಒಪ್ಪಂದ. ಗಡಿಯಾರಗಳು ಬಂದಾಗ ಎರಡೂ ಕೈಯ ಹತ್ತೂ ಬೆರಳು ಮೇಲೆದ್ದವು. ಭಜನೆಯಿಂದ ಬಂದ ನನ್ನವಳು ಬಾಗಿಲಲ್ಲೇ ನಿಂತು, “ಇದೇನ್ರೀ, ಕೂತಲ್ಲೇ ಕೋಲಾಟಾನಾ?” ಎಂದು ಕೇಳಿ ತಾನೂ ಕೂತಳು.

ಈ ಆಲ್ಬಂ ಶುರುವಾಗುವುದು ಎದೆಬಡಿತದ ಸದ್ದಿನಿಂದ, ಮುಗಿಯುವುದೂ ಅದರಿಂದಲೇ. ತಂಡದವರು ಚೀಟಿಗಳಲ್ಲಿ ಪ್ರಶ್ನೆ ಬರೆದು, ಸ್ಟುಡಿಯೊದಲ್ಲಿ ಸಿಕ್ಕವರಿಗೆಲ್ಲ ಕೇಳಿ, ಅವರ ಉತ್ತರಗಳನ್ನು ಹಾಡುಗಳ ನಡುವೆ ಸೇರಿಸಿದ್ದಾರೆ. ಕಟ್ಟಕಡೆಗೆ ಮಾತಾಡುವುದು ಸ್ಟುಡಿಯೊದ ಬಾಗಿಲು ಕಾಯುತ್ತಿದ್ದವರು.

ಎದೆಬಡಿತ ನನಗೂ ಸ್ಪಷ್ಟವಾಗಿ ಕೇಳುತ್ತಿತ್ತು. ಅದು ಸಣ್ಣದಾಗುತ್ತ ಬಂದಾಗ ಮುಗಿಯಿತೆಂದು ಏಳಲು ಹೋದೆ. ಪಕ್ಕದಲ್ಲಿ ಒಂದು ಬೆರಳು ಇನ್ನೂ ಮೇಲೇ ಇತ್ತು.

“ಕೂತ್ಕೊಳ್ಳಿ ತಾತ,” ಎಂದಳು, “ಅವರು ಇನ್ನೂ ಮಾತಾಡ್ತಿದ್ದಾರೆ.”